ಕಮಲಾಪುರದ ದಾರಿಯ ಕಲ್ಲುಗಳು ಮತ್ತು ಹಿಗ್ಗುವ ವಿಶ್ವ

ಕಮಲಾಪುರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ಹಲವು ದಾರಿಗಳಿವೆ. ಭೂಪಟ ನೋಡುವವರು ಉತ್ತರ ಅಕ್ಷಾಂಶ ಸುಮಾರು ಹದಿನೇಳೂವರೆ ಡಿಗ್ರಿ, ಪೂರ್ವ ರೇಖಾಂಶ ಸುಮಾರು 77 ಡಿಗ್ರಿ ಎನ್ನುತ್ತಾರೆ. ಬಸ್ಸಿನವರು, ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ದಾಟಿ ಹೋದರೆ ಒಟ್ಟು 35 ಕಿಲೋಮೀಟರ್ ಆಸುಪಾಸು ಎನ್ನುತ್ತಾರೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ರೈಲ್ವೆಯವರು ತಮ್ಮದೇ ಲೆಕ್ಕದ ಇನ್ನೊಂದು ಅಂಕಿ ಹೇಳುತ್ತಾರೆ. ಹಣ್ಣಿನ ವ್ಯಾಪಾರಿಗಳಿಗೆ ಇದಾವುದೂ ಬೇಕಿಲ್ಲ. ಕೆಂಪು ಬಾಳೆಹಣ್ಣಿನ ಊರು ಎಂದರೆ ಮುಗಿಯಿತು.

ಊರಿನ ವಿಳಾಸವೂ ಒಂದೇ ರೀತಿ ಉಳಿದದ್ದಲ್ಲ. 1948ರವರೆಗೆ ಅದು ನಿಜಾಮರ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 2014ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಕಲಬುರಗಿ ಜಿಲ್ಲೆಯಾಯಿತು. ಬಳಿಕ ಕಮಲಾಪುರ ತಾನೇ ಒಂದು ತಾಲ್ಲೂಕು ಆಯಿತು. ಇಷ್ಟೆಲ್ಲ ಬದಲಾದರೂ ಅಲ್ಲಿಯ ಬಾಳೆಯ ತೋಟಗಳು ಒಂದಂಗುಲವೂ ಸರಿಯಲಿಲ್ಲ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಬದಲಾವಣೆಗಳಲ್ಲಿ ಎರಡು ಬಗೆ. ಒಂದು, ನಾವು ಇಟ್ಟ ಹೆಸರಿನ, ಅಂಕಿಯ ಬದಲಾವಣೆ. ಇನ್ನೊಂದು, ವಸ್ತುವಿನಲ್ಲಿಯೇ ಆಗುವ ಬದಲಾವಣೆ. ಊರಿನ ಮಟ್ಟದಲ್ಲಿ ಇವೆರಡನ್ನು ಬೇರ್ಪಡಿಸುವುದು ಮಕ್ಕಳಿಗೂ ಬರುತ್ತದೆ. ಆದರೆ ಇಡೀ ವಿಶ್ವದ ಮಾತು ಬಂದಾಗ ದೊಡ್ಡ ದೊಡ್ಡ ಪಂಡಿತರೇ ಹತ್ತಾರು ವರ್ಷ ತಡವರಿಸಿದರು. ಆ ಕಥೆಯನ್ನು ನನ್ನ ಅಳವಿಗೆ ಸಿಕ್ಕಷ್ಟು ಇಲ್ಲಿ ಬರೆಯುತ್ತೇನೆ.

ಹತ್ತನೆಯ ತರಗತಿಯ ಗಣಿತದಲ್ಲಿ ನಿರ್ದೇಶಾಂಕ ರೇಖಾಗಣಿತ ಎಂಬ ಅಧ್ಯಾಯವಿದೆ. ಅನೇಕ ಮಕ್ಕಳು ಅದನ್ನು ಸೂತ್ರ ಬಾಯಿಪಾಠ ಮಾಡಿ ಅಂಕ ಪಡೆಯುವ ಪಾಠವೆಂದು ತಿಳಿದಿರುತ್ತಾರೆ. ನನಗೆ ಮಾತ್ರ ಅದು ಇಡೀ ಪುಸ್ತಕದಲ್ಲಿಯೇ ಆಳವಾದ ಪಾಠವೆಂದು ತೋರುತ್ತಿತ್ತು. ಮೂಲಬಿಂದುವನ್ನು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿಟ್ಟರೂ ಅಷ್ಟೇ, ಶರಣಬಸವೇಶ್ವರರ ಗುಡಿಯ ಮುಂದಿಟ್ಟರೂ ಅಷ್ಟೇ. ಪ್ರತಿ ಬಿಂದುವಿನ ಅಂಕಿಗಳು ಬದಲಾಗುತ್ತವೆ, ಎರಡು ಬಿಂದುಗಳ ನಡುವಿನ ದೂರ ಬದಲಾಗುವುದಿಲ್ಲ. ಅಂಕಿ ನಮ್ಮದು, ದೂರ ನೆಲದ್ದು.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ, ಅದು ಪಠ್ಯದಲ್ಲಿ ಬರುವುದಿಲ್ಲ. ಅಂಕಿಗಳಷ್ಟೇ ಗೊತ್ತಿದ್ದರೆ ದೂರ ಗೊತ್ತಾಗುವುದಿಲ್ಲ; ದೂರದ ಸೂತ್ರವೂ ಬೇಕು. ರೇಖಾಂಶದ ಒಂದು ಡಿಗ್ರಿ ಅಂತರ ಸಮಭಾಜಕ ವೃತ್ತದ ಮೇಲೆ ಸುಮಾರು 111 ಕಿಲೋಮೀಟರ್. ಅದೇ ಒಂದು ಡಿಗ್ರಿ ನಮ್ಮ ಕಲಬುರಗಿಯ ಅಕ್ಷಾಂಶದಲ್ಲಿ ಸುಮಾರು 106 ಕಿಲೋಮೀಟರ್. ಉತ್ತರ ಧ್ರುವಕ್ಕೆ ಹೋದರೆ ಸೊನ್ನೆ! ಎಲ್ಲ ರೇಖಾಂಶಗಳೂ ಅಲ್ಲಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಹಾಗೆಂದು ಧ್ರುವದ ಹಿಮದಲ್ಲಿ ಏನೋ ವಿಪರೀತ ನಡೆದಿದೆ ಎಂದಲ್ಲ. ನಮ್ಮ ಹೆಸರಿಡುವ ಪದ್ಧತಿ ಅಲ್ಲಿ ಕೆಟ್ಟಿದೆ, ಅಷ್ಟೇ.

1915ರಲ್ಲಿ ಐನ್‌ಸ್ಟೈನರು ಪೂರ್ಣಗೊಳಿಸಿದ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ಈ ಮಾತನ್ನು ಕೊನೆಯ ತನಕ ಒಯ್ದಿತು. ಅದರಲ್ಲಿ ಪ್ರತಿ ಘಟನೆಗೂ ನಾಲ್ಕು ಅಂಕಿಗಳು: ಸ್ಥಳಕ್ಕೆ ಮೂರು, ಕಾಲಕ್ಕೆ ಒಂದು. ಈ ಅಂಕಿಗಳನ್ನು ಹೇಗೆ ಬೇಕಾದರೂ ಕೊಡಬಹುದು. ಪ್ರಕೃತಿಯ ನಿಯಮಕ್ಕೆ ಅದರಿಂದ ಬಾಧೆಯಿಲ್ಲ. ಭೌತವಿಜ್ಞಾನವೆಲ್ಲ ಅಡಗಿರುವುದು ಅಂಕಿಗಳನ್ನು ದೂರಕ್ಕೂ ಕಾಲಾವಧಿಗೂ ಜೋಡಿಸುವ ಸೂತ್ರದಲ್ಲಿ. ಸ್ವಾತಂತ್ರ್ಯ ದೊಡ್ಡದು, ಆದರೆ ಅದರೊಂದಿಗೆ ತೊಡಕೂ ಬಂತು. ಸಮೀಕರಣದಲ್ಲಿ ಕಾಣುವ ವಿಚಿತ್ರವೊಂದು ನಿಜವಾಗಿ ಆಕಾಶದಲ್ಲಿದೆಯೋ, ನಾವು ಇಟ್ಟ ಹೆಸರಿನಿಂದ ಹುಟ್ಟಿತೋ ಎಂದು ಪ್ರತಿಸಲವೂ ಕೇಳಿಕೊಳ್ಳಬೇಕಾಯಿತು.

ಆ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವಳು ಒಬ್ಬ ವಿದ್ಯಾರ್ಥಿನಿ. ನಾನು ಆಗ ಕಲಬುರಗಿಯಿಂದ ದಿನವೂ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಬರುತ್ತಿದ್ದೆ. ಕಿಟಕಿಯ ಪಕ್ಕದ ಜಾಗ ಸಿಕ್ಕರೆ ಕಿಲೋಮೀಟರ್ ಕಲ್ಲುಗಳನ್ನು ಎಣಿಸುವುದು ನನ್ನ ಹವ್ಯಾಸ. (ಬಿ.ಎಡ್. ಓದುವಾಗ ನಮ್ಮ ಅಧ್ಯಾಪಕರೊಬ್ಬರು, ಶಿಕ್ಷಕನಿಗೆ ಪಾಠೋಪಕರಣ ರಸ್ತೆಯಲ್ಲಿಯೇ ಸಿಗುತ್ತದೆ ಎನ್ನುತ್ತಿದ್ದರು.) 2016ರ ಫೆಬ್ರುವರಿಯಲ್ಲಿ ಗುರುತ್ವ ತರಂಗಗಳು ಸಿಕ್ಕಿದ ಸುದ್ದಿ ಪತ್ರಿಕೆಗಳ ಮೊದಲ ಪುಟದಲ್ಲಿ ಬಂತು. ಮಕ್ಕಳು ಅದರ ಬಗ್ಗೆ ಕೇಳಿದರು. ಮಾತು ಅಲ್ಲಿಂದ ಹಿಗ್ಗುವ ವಿಶ್ವಕ್ಕೆ ಹೊರಳಿತು.

ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಪಟ್ಟಿ ಮಾಡಿ, ಅದರ ಮೇಲೆ ಸೀಮೆಸುಣ್ಣದಿಂದ ಒಂದು, ಎರಡು, ಮೂರು ಎಂದು ಗುರುತು ಹಾಕಿದೆ. ಇದು ಕಮಲಾಪುರದ ರಸ್ತೆ, ಇವು ಕಲ್ಲುಗಳು ಎಂದೆ. ಇಬ್ಬರು ಹುಡುಗರು ಎರಡೂ ತುದಿ ಹಿಡಿದು ಎಳೆದರು. ಮೂರನೆಯ ಕಲ್ಲು ಮೂರನೆಯ ಕಲ್ಲಾಗಿಯೇ ಉಳಿಯಿತು, ಆದರೆ ಕಲ್ಲುಗಳ ನಡುವಿನ ಅಂತರ ಬೆಳೆಯಿತು. ಹಿಗ್ಗುವ ವಿಶ್ವವನ್ನು ವಿಜ್ಞಾನಿಗಳು ಹೀಗೆ ವರ್ಣಿಸುತ್ತಾರೆ, ಗೆಲಾಕ್ಸಿಗಳಿಗೆ ಬದಲಾಗದ ಅಂಕಿ ಕೊಟ್ಟು, ಅಂತರವನ್ನು ಹಿಗ್ಗಿಸುವ ಒಂದು ಗುಣಕವನ್ನು ಸೂತ್ರದಲ್ಲಿ ಸೇರಿಸುತ್ತಾರೆ ಎಂದು ವಿವರಿಸಿದೆ. ಬಳಿಕ ಪಟ್ಟಿಯ ಕೆಳಗೆ ಮರದ ಅಳತೆಪಟ್ಟಿ ಇಟ್ಟೆ. ಈಗ ಗುರುತುಗಳಿಗೆ ಅಳತೆಪಟ್ಟಿಯ ಅಂಕಿ ಕೊಟ್ಟರೆ ಆ ಅಂಕಿಗಳೇ ಬದಲಾಗುತ್ತವೆ, ಗುಣಕ ಬೇಕಿಲ್ಲ. ಒಂದೇ ಎಳೆತ, ಎರಡು ವರ್ಣನೆ.

ಮೂರನೆಯ ಸಾಲಿನ ಹುಡುಗಿ ಎದ್ದು ನಿಂತಳು. ಬಾಳೆ ಬೆಳೆಯುವವರ ಮನೆಯ ಮಗಳು, ಮಾತು ಕಡಿಮೆ. "ಸರ, ಅದು ಖರೇನ ಹಿಗ್ಗತದೇನ್ರಿ, ಇಲ್ಲಾ ನಾವು ಕಲ್ಲು ನೆಟ್ಟಿದ್ದಕ್ಕ ಹಂಗ ಕಾಣಸ್ತದ್ರಿ?" ಎಂದಳು.

ತರಗತಿ ನಕ್ಕಿತು, ನಾನು ನಗಲಿಲ್ಲ. ಓದಿ ಹೇಳುತ್ತೇನವ್ವಾ ಎಂದೆ. ಅದೇ ಪ್ರಶ್ನೆ ಸುಮಾರು ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಎದ್ದಿತ್ತು ಎಂಬುದು ನಾನು ಓದುತ್ತ ಹೋದಂತೆ ತಿಳಿಯಿತು.

1917ರಲ್ಲಿ ಐನ್‌ಸ್ಟೈನರು ತಮ್ಮ ಸಮೀಕರಣಗಳಿಂದ ಒಂದು ವಿಶ್ವವನ್ನು ಕಟ್ಟಿದರು. ಅದು ದ್ರವ್ಯದಿಂದ ತುಂಬಿತ್ತು, ಅಲುಗಾಡದೆ ನಿಂತಿತ್ತು. ಅದೇ ವರ್ಷ ಹಾಲೆಂಡಿನ ವಿಲ್ಲೆಮ್ ಡಿ ಸಿಟ್ಟರ್ ಅದೇ ಸಮೀಕರಣಗಳಿಂದ ಇನ್ನೊಂದು ವಿಶ್ವ ಕಟ್ಟಿದರು. ಅದರಲ್ಲಿ ದ್ರವ್ಯವೇ ಇಲ್ಲ, ಬರಿದಾದ ಬಯಲು. ಡಿ ಸಿಟ್ಟರರು ಬಳಸಿದ ಅಂಕಿಗಳಲ್ಲಿ ಆ ವಿಶ್ವವೂ ನಿಶ್ಚಲವಾಗಿಯೇ ಕಂಡಿತು. ಆದರೆ ಒಂದು ವಿಲಕ್ಷಣ ಗುಣವಿತ್ತು: ನಡುವಿನಿಂದ ದೂರ ಹೋದಂತೆ ಗಡಿಯಾರಗಳು ನಿಧಾನವಾದಂತೆ ತೋರುತ್ತಿದ್ದವು, ಒಂದು ದೂರದಲ್ಲಿ ನಿಂತೇ ಹೋದಂತೆ ತೋರುತ್ತಿದ್ದವು. ದೂರದಿಂದ ಬರುವ ಬೆಳಕು ಕೆಂಪಿಗೆ ಸರಿಯಬೇಕು ಎಂಬುದು ಅದರ ಪರಿಣಾಮ. ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ 1912ರಿಂದಲೇ ನೀಹಾರಿಕೆಗಳ ಬೆಳಕನ್ನು ಅಳೆಯುತ್ತಿದ್ದು, ಬಹುತೇಕ ನೀಹಾರಿಕೆಗಳಲ್ಲಿ ಇಂಥ ಕೆಂಪು ಪಲ್ಲಟವನ್ನೇ ಕಂಡಿದ್ದರು. ಹೀಗಾಗಿ ಡಿ ಸಿಟ್ಟರರ ಬರಿದಾದ ವಿಶ್ವಕ್ಕೂ ಗೌರವ ದೊರೆಯಿತು.

ಮುಂದಿನದು ಸ್ವಾರಸ್ಯಕರ. 1922ರಲ್ಲಿ ಹಂಗರಿಯ ಕಾರ್ನೆಲಿಯಸ್ ಲಾಂಟ್ಸೋಸ್ ಅದೇ ವಿಶ್ವಕ್ಕೆ ಬೇರೆ ಅಂಕಿಗಳನ್ನು ಕೊಟ್ಟರು. ಆಗ ಅದು ನಿಶ್ಚಲವಾಗಿರಲಿಲ್ಲ. ಕುಗ್ಗುತ್ತ ಬಂದು ಒಂದು ಹಂತದಲ್ಲಿ ತಿರುಗಿ ಹಿಗ್ಗುತ್ತ ಹೋಗುವ ವಿಶ್ವವಾಗಿ ಕಂಡಿತು. 1925ರಲ್ಲಿ ಬೆಲ್ಜಿಯಮ್ಮಿನ ಪಾದ್ರಿ ಜಾರ್ಜ್ ಲೆಮೆತ್ರ್ ಮತ್ತೊಂದು ಆಕ್ಷೇಪ ಎತ್ತಿದರು. ಎಲ್ಲ ಸ್ಥಳಗಳೂ ಸಮಾನವಾಗಿರುವ ವಿಶ್ವದಲ್ಲಿ ಡಿ ಸಿಟ್ಟರರ ಅಂಕಿಗಳು ಒಂದು ಸ್ಥಳವನ್ನು ಮಾತ್ರ ಕೇಂದ್ರದಂತೆ ತೋರಿಸುತ್ತವೆ, ಇದು ಅಂಕಿಗಳ ದೋಷ ಎಂದರು. ಅವರು ಹೆಸರು ಬದಲಿಸಿದಾಗ ಆ ವಿಶ್ವ ಎಲ್ಲೆಡೆ ಒಂದೇ ಸಮನಾಗಿ, ಎಂದೆಂದಿಗೂ ಹಿಗ್ಗುತ್ತಿರುವ ಬಯಲಾಗಿ ಕಂಡಿತು. 1928ರಲ್ಲಿ ಅಮೆರಿಕದ ಎಚ್.ಪಿ. ರಾಬರ್ಟ್‌ಸನ್ ಕೂಡ ಸ್ವತಂತ್ರವಾಗಿ ಅಲ್ಲಿಗೇ ಬಂದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಕೋರುತ್ತೇನೆ. ಒಂದೇ ವಿಶ್ವ. ಒಂದು ಹೆಸರಿನಲ್ಲಿ ನಿಂತಿದೆ, ಇನ್ನೊಂದರಲ್ಲಿ ಹಿಗ್ಗುತ್ತಿದೆ, ಮತ್ತೊಂದರಲ್ಲಿ ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತದೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ಭೂಪಟವೂ ಒಂದೊಂದು ಗಾತ್ರದ್ದು, ಅಷ್ಟೇ: ಡಿ ಸಿಟ್ಟರರದು ಒಂದು ತಾಲ್ಲೂಕಿನ ನಕ್ಷೆಯಂತೆ ಸ್ವಲ್ಪ ಭಾಗವನ್ನು ಮಾತ್ರ ತೋರಿಸುತ್ತದೆ, ಲೆಮೆತ್ರ್ ಅವರದು ಅರ್ಧವನ್ನು, ಲಾಂಟ್ಸೋಸರದು ಪೂರ್ತಿಯನ್ನು. ಕಮಲಾಪುರದ ಹುಡುಗಿಯ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಇನ್ನೇನು ಬೇಕು? ಹಿಗ್ಗುವುದು ಖರೆಯಲ್ಲ, ನಾವು ಕಲ್ಲು ನೆಟ್ಟ ರೀತಿ ಎಂದೇ ಹೇಳಬೇಕಾಗುತ್ತಿತ್ತು, ವಿಶ್ವ ಬರಿದಾಗಿದ್ದಿದ್ದರೆ.

ಆದರೆ ನಮ್ಮ ವಿಶ್ವ ಬರಿದಲ್ಲ. ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ 1922 ಮತ್ತು 1924ರಲ್ಲಿ, ಲೆಮೆತ್ರ್ 1927ರಲ್ಲಿ, ದ್ರವ್ಯ ತುಂಬಿದ ವಿಶ್ವವೇ ಹಿಗ್ಗಬಹುದೆಂದು ಲೆಕ್ಕ ಹಾಕಿ ತೋರಿಸಿದರು. 1929ರಲ್ಲಿ ಎಡ್ವಿನ್ ಹಬಲ್ ದೂರದ ಗೆಲಾಕ್ಸಿಗಳ ಕೆಂಪು ಪಲ್ಲಟ ದೂರಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ಪ್ರಕಟಿಸಿದರು. ಇಂಥ ವಿಶ್ವದಲ್ಲಿ ಕಲ್ಲು ನೆಡುವವರು ನಾವಲ್ಲ. ಗೆಲಾಕ್ಸಿಗಳೇ ಕಲ್ಲುಗಳು. ಅವು ಆಗಲೇ ಅಲ್ಲಿವೆ, ದ್ರವ್ಯವಾಗಿ, ಎಣಿಸಬಹುದಾದ ರೀತಿಯಲ್ಲಿ. ಅವುಗಳ ನಡುವೆ ದ್ರವ್ಯ ತೆಳುವಾಗುತ್ತ ಹೋಗುತ್ತದೆ. ಕಲ್ಲಿನ ಜೊತೆ ಸಾಗುವವನು ತನ್ನ ಸುತ್ತ ಅಳೆದ ಸಾಂದ್ರತೆ ಇಷ್ಟು ಎಂದರೆ, ಬೇರೆ ಯಾವ ಅಂಕಿಪದ್ಧತಿಯವನು ಲೆಕ್ಕ ಹಾಕಿದರೂ ಆ ಅಳತೆಯ ಫಲ ಅಷ್ಟೇ ಬರಬೇಕು.

1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ವಿಶ್ವದ ಹಿನ್ನೆಲೆ ವಿಕಿರಣ ಇನ್ನೂ ಬಲವಾದ ಸಾಕ್ಷಿ. ಅದು ಹೊರಟಾಗ ವಿಶ್ವದ ತಾಪ ಸುಮಾರು 3000 ಕೆಲ್ವಿನ್, ವಯಸ್ಸು ಸುಮಾರು 3,80,000 ವರ್ಷ. ಈಗ ಅದರ ತಾಪ 2.725 ಕೆಲ್ವಿನ್. ಅಂದರೆ ಅದರ ಅಲೆಗಳು ಸುಮಾರು 1100 ಪಟ್ಟು ಉದ್ದವಾಗಿವೆ. ಇದರಲ್ಲಿ ಗೆಲಾಕ್ಸಿಗಳ ಓಟದ ಪಾಲೆಷ್ಟು, ಬಯಲೇ ಹಿಗ್ಗಿದ್ದರ ಪಾಲೆಷ್ಟು ಎಂದು ಜಗಳವಾಡಬಹುದು. ಆ ಹಂಚಿಕೆ ಅಂಕಿಪದ್ಧತಿಗೆ ಬಿಟ್ಟದ್ದು. 1100 ಎಂಬ ಸಂಖ್ಯೆ ಮಾತ್ರ ಯಾರಿಗೂ ಬಿಟ್ಟದ್ದಲ್ಲ. ಹೊರಟ ಬೆಳಕಿಗೂ ಸೇರಿದ ಬೆಳಕಿಗೂ ಇರುವ ಅನುಪಾತ ಅದು. ದೂರದ ಸೂಪರ್‌ನೋವಾಗಳು ಬೆಳಗಿ ಆರುವುದಕ್ಕೆ ತೆಗೆದುಕೊಳ್ಳುವ ಕಾಲವೂ ಅವುಗಳ ಬೆಳಕು ಎಷ್ಟು ಪಟ್ಟು ಹಿಗ್ಗಿದೆಯೋ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ.

ಈ ವಿಕಿರಣದಿಂದ ಇನ್ನೊಂದು ತಮಾಷೆಯ ಸಂಗತಿಯೂ ತಿಳಿಯುತ್ತದೆ. ಆಕಾಶದ ಒಂದು ದಿಕ್ಕಿನಲ್ಲಿ ಅದು ಸುಮಾರು ಎಂಟುನೂರರಲ್ಲಿ ಒಂದು ಪಾಲು ಹೆಚ್ಚು ಬೆಚ್ಚಗಿದೆ, ಎದುರು ದಿಕ್ಕಿನಲ್ಲಿ ಅಷ್ಟೇ ತಣ್ಣಗಿದೆ. ಕಾರಣ, ನಮ್ಮ ಸೂರ್ಯ ಆ ಕಲ್ಲುಗಳ ಪಕ್ಕ ನಿಂತಿಲ್ಲ. ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಅವುಗಳನ್ನು ದಾಟಿ ಹೋಗುತ್ತಿದ್ದಾನೆ. ಬಸ್ಸಿನಲ್ಲಿ ಕುಳಿತವನಿಗೆ ಮುಖಕ್ಕೆ ಗಾಳಿ ಬಡಿದು ತಾನು ಚಲಿಸುತ್ತಿರುವುದು ತಿಳಿಯುವಂತೆ. ಯಾವ ಅಂಕಿಪದ್ಧತಿ ಬೇಕಾದರೂ ನಡೆಯುತ್ತದೆ ಎಂಬುದು ನಿಯಮದ ಮಟ್ಟಿಗೆ ನಿಜ. ಆದರೆ ಈ ವಿಶ್ವದ ದ್ರವ್ಯ ತನಗೆ ಹಿಡಿಸುವ ಪದ್ಧತಿ ಯಾವುದೆಂದು ತಾನೇ ಬೆರಳು ಮಾಡಿ ತೋರಿಸುತ್ತದೆ.

ಹಾಗಾದರೆ ನಮ್ಮ ಕಮಲಾಪುರದ ರಸ್ತೆಯೂ ಹಿಗ್ಗುತ್ತಿದೆಯೇ? ಇಲ್ಲ. ಪರಮಾಣುಗಳನ್ನು, ಭೂಮಿಯನ್ನು, ಸೌರವ್ಯೂಹವನ್ನು, ಗೆಲಾಕ್ಸಿಯನ್ನು ಅವುಗಳ ಒಳಗಿನ ಬಲಗಳು ಬಿಗಿದಿಟ್ಟಿವೆ. ನಮ್ಮ ನೆರೆಯ ಆಂಡ್ರೊಮೆಡಾ ಗೆಲಾಕ್ಸಿಯಂತೂ ನಮ್ಮತ್ತ ಬರುತ್ತಿದೆ. ಆದರೂ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ಎಂಬ ದರ 35 ಕಿಲೋಮೀಟರ್ ರಸ್ತೆಗೂ ಅನ್ವಯಿಸುವುದಾಗಿದ್ದರೆ, ಅದು ವರ್ಷಕ್ಕೆ ಸುಮಾರು ಎರಡೂವರೆ ಮೈಕ್ರಾನ್ ಬೆಳೆಯುತ್ತಿತ್ತು. ಒಬ್ಬ ಶಿಕ್ಷಕನ ಮೂವತ್ತು ವರ್ಷಗಳ ಸೇವೆಯಲ್ಲಿ ಒಂದು ಕೂದಲಿನ ದಪ್ಪದಷ್ಟು! ಅದಕ್ಕಾಗಿ ಸಾರಿಗೆಯವರು ಟಿಕೆಟ್ ದರ ಏರಿಸುವ ಕಾರಣವಿರಲಿಲ್ಲ.

ಭಾರತದಲ್ಲಿ ಈ ವಿಷಯದ ಮೇಲೆ ದುಡಿದ ಇಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಕಾಲೇಜಿನಲ್ಲಿ ಪಾಠ ಹೇಳುವ ಅಧ್ಯಾಪಕರು. ಹಿಗ್ಗುವ ವಿಶ್ವವನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಂದೆಡೆ ಅನಂತ ಸಾಂದ್ರತೆಗೆ ಸೇರುತ್ತದೆ ಎಂಬುದು, ನಾವು ವಿಶ್ವ ಎಲ್ಲೆಡೆ ಒಂದೇ ಸಮ ಎಂದು ಸರಳಗೊಳಿಸಿಕೊಂಡದ್ದರ ಫಲವೋ, ನಿಜವೋ ಎಂದು ಅವರು ಕೇಳಿದರು. 1955ರಲ್ಲಿ ಅವರು ಪ್ರಕಟಿಸಿದ ಸಮೀಕರಣ ಅಂಕಿಗಳ ಹಂಗಿಲ್ಲದೆ ಮಾತನಾಡುತ್ತದೆ: ಅಕ್ಕಪಕ್ಕದಲ್ಲಿ ಸಾಗುವ ಕಣಗಳ ಒಂದು ಪುಟ್ಟ ಗುಂಪನ್ನು ಹಿಡಿದು, ಅದರ ಗಾತ್ರ ಹೇಗೆ ಬದಲಾಗುತ್ತದೆಂದು ಹೇಳುತ್ತದೆ. ಮುಂದೆ ಪೆನ್‌ರೋಸ್ ಮತ್ತು ಹಾಕಿಂಗ್ ಅದೇ ಸಮೀಕರಣದ ನೆರವಿನಿಂದ ದೊಡ್ಡ ಪ್ರಮೇಯಗಳನ್ನು ಸಾಧಿಸಿದರು.

ಇನ್ನೊಬ್ಬರು ನಮ್ಮವರೇ ಆದ ಸಿ.ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿಯ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. 1916ರಲ್ಲಿ ಶ್ವಾರ್ಜ್‌ಶೀಲ್ಡ್ ಕಂಡುಹಿಡಿದ ಪರಿಹಾರದಲ್ಲಿ ಒಂದು ನಿರ್ದಿಷ್ಟ ತ್ರಿಜ್ಯದಲ್ಲಿ ಸೂತ್ರ ಕೆಟ್ಟುಹೋಗುತ್ತಿತ್ತು. ಅದು ಧ್ರುವದ ರೇಖಾಂಶದಂತೆ ಬರಿಯ ಹೆಸರಿನ ದೋಷ ಎಂದು ಸ್ಪಷ್ಟವಾಗಲು ದಶಕಗಳೇ ಬೇಕಾದವು. ಹೆಸರಿನ ದೋಷ ಕಳೆದ ಮೇಲೆ ಉಳಿಯುವ ಆ ಮೇಲ್ಮೈಯನ್ನು ಅಲುಗಿಸಿದರೆ ಏನಾಗುತ್ತದೆ? 1970ರಲ್ಲಿ ವಿಶ್ವೇಶ್ವರ ಅವರು ಅದು ಒಡೆಯದೆ, ಬಡಿದ ಗಂಟೆಯಂತೆ ಮೊಳಗಿ ಶಾಂತವಾಗುತ್ತದೆಂದು ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಎರಡು ಕೃಷ್ಣವಿವರಗಳು ಕೂಡಿದಾಗ ಬಂದ ತರಂಗದ ಕೊನೆಯ ಭಾಗ ಅದೇ ಬಗೆಯದು. ನನ್ನ ತರಗತಿಯ ಮಾತು ಶುರುವಾದದ್ದು ಆ ಸುದ್ದಿಯಿಂದಲೇ. ಅದನ್ನು ಕಣ್ಣಾರೆ ಕಂಡು ಅವರು 2017ರ ಜನವರಿಯಲ್ಲಿ ತೀರಿಕೊಂಡರು.

ನಿವೃತ್ತನಾದ ಮೇಲೆ ಕಮಲಾಪುರಕ್ಕೆ ಹೋಗುವುದು ಅಪರೂಪ. ಕಳೆದ ವರ್ಷ ಪರಿಚಿತರೊಬ್ಬರ ಮನೆಯ ಮದುವೆಗೆ ಹೋದಾಗ ಆ ಹುಡುಗಿ ಸಿಕ್ಕಳು. ಪಿಯುಸಿ ಮುಗಿಸಿದ ಮೇಲೆ ಓದು ಮುಂದುವರಿಯಲಿಲ್ಲವಂತೆ. ಈಗ ಬಸ್ ನಿಲ್ದಾಣದ ಹತ್ತಿರ ಬೀಜ-ಗೊಬ್ಬರದ ಅಂಗಡಿಯ ಲೆಕ್ಕಪತ್ರವೆಲ್ಲ ಅವಳದೇ. ಕುರ್ಚಿ ಹಾಕಿ ಚಹಾ ತರಿಸಿದಳು. ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೇನವ್ವಾ ಎಂದೆ. ಅವಳಿಗೆ ಪ್ರಶ್ನೆ ನೆನಪಿತ್ತು. ಅದು ನನಗೆ ಚಹಾಕ್ಕಿಂತ ಹೆಚ್ಚಿನ ಉಪಚಾರವಾಯಿತು. ರಸೀದಿ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು, ಕಲ್ಲು ನೆಟ್ಟವರು ನಾವಲ್ಲ, ಗೆಲಾಕ್ಸಿಗಳೇ ಕಲ್ಲು, ಆದ್ದರಿಂದ ಖರೇ ಹಿಗ್ಗುತ್ತದೆ ಎಂದು ವಿವರಿಸಿದೆ. ಗಿರಾಕಿಯೊಬ್ಬರಿಗೆ ಚೀಲ ತೂಗಿ ಕೊಟ್ಟು ಬಂದು ಕುಳಿತು ಸ್ವಲ್ಪ ಹೊತ್ತು ಗೆರೆಗಳನ್ನೇ ನೋಡಿದಳು.

"ಹಂಗಾರ ಸರ, ಕಲ್ಲೇ ಇರಲಾರದ ದಾರಿ ಇದ್ರ?" ಎಂದಳು.

ಅವಳು ಡಿ ಸಿಟ್ಟರರ ಹೆಸರು ಕೇಳಿದವಳಲ್ಲ. ಪಿಯುಸಿಗೇ ನಿಂತ ಇಂಥ ತಲೆಗಳು ನಮ್ಮ ಭಾಗದಲ್ಲಿ ಎಷ್ಟಿವೆಯೋ ಎಂಬ ಯೋಚನೆ ಬಂತು, ಅದನ್ನು ಅವಳ ಮುಂದೆ ಆಡಲಿಲ್ಲ. ಈ ಸಲ ಉತ್ತರ ನನ್ನ ಕೈಯಲ್ಲಿತ್ತು. ಅಂಥ ದಾರಿ ಮುಂದೆ ಬರಲಿದೆ ಎಂದೆ. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು ಅಳೆದವರು ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆಯೆಂದು ಕಂಡುಕೊಂಡರು. ಈಗಿನ ತಿಳಿವಳಿಕೆಯಂತೆ ಹಿಗ್ಗುವಿಕೆ ಹೀಗೆಯೇ ಮುಂದುವರಿದರೆ, ನಮ್ಮ ಗುಂಪಿಗೆ ಸೇರದ ಗೆಲಾಕ್ಸಿಗಳು ಒಂದೊಂದಾಗಿ ದಿಗಂತದಾಚೆ ಸರಿದುಹೋಗುತ್ತವೆ. ಹತ್ತು ಸಾವಿರ ಕೋಟಿ ವರ್ಷಗಳಾಚೆ, ಆಂಡ್ರೊಮೆಡಾ ಮತ್ತು ನಮ್ಮ ಆಕಾಶಗಂಗೆ ಕೂಡಿ ಒಂದಾದ ಗೆಲಾಕ್ಸಿಯಲ್ಲಿ ಯಾರಾದರೂ ಖಗೋಳಜ್ಞರಿದ್ದರೆ ಅವರಿಗೆ ಹೊರಗೆ ಬೇರೊಂದು ಗೆಲಾಕ್ಸಿ ಕಾಣದು. ಹಿನ್ನೆಲೆ ವಿಕಿರಣದ ಅಲೆಗಳೂ ಅಳೆಯಲಾಗದಷ್ಟು ಹಿಗ್ಗಿಹೋಗಿರುತ್ತವೆ. ಕಲ್ಲುಗಳಿಲ್ಲದ ಆ ಬಯಲು ಹೆಚ್ಚುಕಡಿಮೆ ಡಿ ಸಿಟ್ಟರರ 1917ರ ವಿಶ್ವವೇ. ಅವರು ತಮ್ಮ ದೂರದರ್ಶಕಗಳಿಂದ ನೋಡಿ, ವಿಶ್ವ ನಿಶ್ಚಲವಾಗಿದೆ ಎಂದು ಬರೆದುಕೊಳ್ಳಬಹುದು.

"ಅವರಿಗೆ ಯಾರು ಹೇಳಬೇಕ್ರಿ ಮತ್ತ?" ಎಂದು ಕೇಳಿದಳು. ಅಷ್ಟರಲ್ಲಿ ಕಲಬುರಗಿಯ ಬಸ್ಸು ಬಂತು. ರಸೀದಿ ಪುಸ್ತಕದ ಆ ಹಾಳೆಯನ್ನು ಅವಳೇ ಹರಿದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.